ಇಂಕು ತುಂಬುವ ಮನೆ

ಲಾಂಡ್ರಿಯಲ್ಲಿ ದಿನವಿಡೀ ಯಾರ್ಯಾರದೋ ಅಂಗಿಗಳ ಕಲೆ ತೆಗೆದು ಹೈರಾಣಾಗಿ ಬರುವ ಸೊಸೆಯ ಕಣ್ಣಿಗೆ ಮನೆಗೆ ಬಂದ ಕೂಡಲೇ ಬೀಳುತ್ತಿದ್ದುದು ಸಿಂಕಿನ ಕಲೆ. ಅವತ್ತೂ ಹಾಗೇ ಆಯಿತು. ಸ್ಟೀಲಿನ ತೊಟ್ಟಿಯ ತಳದಲ್ಲಿ ನೀಲಿ ನೀರು ಒಣಗಿ ಗೆರೆ ಮೂಡಿತ್ತು. ನಲ್ಲಿಯ ಹಿಡಿಯ ಮೇಲೆ ಕೆಂಪು ಬೆರಳಚ್ಚು. ಅಕ್ಕಿ ತೊಳೆಯುವ ಪಾತ್ರೆಯ ಅಂಚಿಗೂ ಎರಡು ಹನಿ ಸಿಡಿದಿದ್ದವು.

"ಮಾವ, ಪಾತ್ರೆ ಇಟ್ಟ ಕಡೆ ಇಂಕು ತರಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ," ಎಂದಳು ಅಲ್ಲಿಂದಲೇ.

"ಒರೆಸಿದ್ದೆ ಕಣಮ್ಮ," ಎಂದರು ಮಾವ ಮುಂದಿನ ಕೋಣೆಯಿಂದ.

ಒರೆಸಿದ್ದು ಸುಳ್ಳಲ್ಲ. ಒದ್ದೆ ಬಟ್ಟೆಯ ಗುರುತು ಕಟ್ಟೆಯ ಮೇಲೆ ಇತ್ತು. ಆದರೆ ಕಲೆ ಒಂದು ಕಡೆ ಇದ್ದರೆ ಒರೆಸಿದ್ದು ಇನ್ನೊಂದು ಕಡೆ. ವಯಸ್ಸಾಯಿತು, ಗಮನವಿಲ್ಲ ಎಂದು ಗೊಣಗಿಕೊಂಡು ಸೊಸೆ ಸೋಪಿನ ಪುಡಿ ಸುರಿದು ಉಜ್ಜತೊಡಗಿದಳು.

ಮಾವ ಕಚೇರಿಯೊಂದರ ನಕಲು ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಸುಮ್ಮನೆ ಕೂತು ಉಣ್ಣುವ ಜಾಯಮಾನ ಅವರದಲ್ಲ. ಮೊಮ್ಮಗಳ ಶಾಲೆಯ ಕೆಲಸಕ್ಕೆಂದು ತಂದಿದ್ದ ಪ್ರಿಂಟರ್ ಒಮ್ಮೆ ಇಂಕು ಒಣಗಿ ಮುಷ್ಕರ ಹೂಡಿದಾಗ ಅದರ ಕಾರ್ಟ್ರಿಜ್ ಬಿಚ್ಚಿ ಕೂತರು. ಅದು ಸರಿಹೋಯಿತು. ಸುದ್ದಿ ಬೀದಿಗೆ ಹಬ್ಬಿತು. ಹೊಸ ಕಾರ್ಟ್ರಿಜ್ ಬೆಲೆ ಕೇಳಿ ಹೌಹಾರಿದವರೆಲ್ಲ ಹಳೆಯದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬರತೊಡಗಿದರು. ಮುಂದಿನ ಕೋಣೆಯ ಕಿಟಕಿಯ ಬಳಿ ಒಂದು ಮೇಜು, ಮೇಲೊಂದು ಹಲಗೆ, ಹಲಗೆಯ ಮೇಲೆ ಇಂಕಿನ ಬಾಟಲಿಗಳು. ಬೀದಿಯ ಮಕ್ಕಳು ಅವರನ್ನು ಇಂಕು ತಾತ ಎಂದೇ ಕರೆಯುತ್ತಿದ್ದವು.

ಕೆಲಸಕ್ಕೆ ತಾಳ್ಮೆ ಬೇಕು. ಬಣ್ಣದ ಕಾರ್ಟ್ರಿಜ್‌ನ ನೆತ್ತಿಯ ಮೇಲಿನ ಚೀಟಿ ಸುಲಿದರೆ ಮೂರು ಪುಟ್ಟ ತೂತುಗಳು. ಒಂದೊಂದರ ಕೆಳಗೂ ಒಂದು ಸ್ಪಂಜು. ನೀಲಿಯದಕ್ಕೆ ನೀಲಿ, ಕೆಂಪಿನದಕ್ಕೆ ಕೆಂಪು, ಹಳದಿಯದಕ್ಕೆ ಹಳದಿ, ಸಿರಿಂಜಿನಿಂದ ಹನಿಹನಿಯಾಗಿ ಇಳಿಸಬೇಕು. ಅವಸರ ಮಾಡಿದರೆ ಉಕ್ಕಿ ಒಂದಕ್ಕೊಂದು ಬೆರೆಯುತ್ತದೆ. ತಳದಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳು. ಅವು ಒಣಗಿ ಕಟ್ಟಿಕೊಂಡಿದ್ದರೆ ಬೆಚ್ಚನೆ ನೀರಿನ ತಟ್ಟೆಯಲ್ಲಿ ಮೂತಿ ಮುಳುಗಿಸಿಟ್ಟು, ಅವು ಬಾಯಿ ಬಿಡುವ ತನಕ ಕಾಯಬೇಕು. ಮಾವ ತೂತುಗಳನ್ನು ಉಗುರಿನ ತುದಿಯಿಂದ ತಡವಿಯೇ ಹುಡುಕುತ್ತಿದ್ದರು. ನೋಡುವವರಿಗೆ ಅದು ಕೈಪಳಗಿದವರ ಗತ್ತಿನಂತೆ ಕಾಣುತ್ತಿತ್ತು.

ಕೆಲವು ತಿಂಗಳಿಂದ ಮಾವ ಸ್ಟೂಲಿಗೆ ಎಡವುತ್ತಿದ್ದರು, ಚಹಾದ ಲೋಟ ಮೇಜಿನ ಅಂಚಿಗೆ ಇಟ್ಟು ಬೀಳಿಸುತ್ತಿದ್ದರು. ಅತ್ತೆ ಅವರ ಬೆನ್ನಿಗೇ ಅಂಟಿಕೊಂಡಿರುತ್ತಿದ್ದರು. ಊಟಕ್ಕೆ ಕೂತಾಗ ಪಲ್ಯದ ಬಟ್ಟಲನ್ನು ಅವರ ಬೆರಳಿಗೇ ತಗಲುವಂತೆ ಸರಿಸುವರು, ಹೊರಗೆ ಹೊರಟರೆ ಚಪ್ಪಲಿ ಕಾಲಿನ ಮುಂದೆಯೇ ತಂದಿಡುವರು. ಮುದುಕರಿಗೆ ಈಗ ಹೊಸ ಮದುವೆಯ ಸಂಭ್ರಮ ಎಂದು ಸೊಸೆ ಒಮ್ಮೆ ಗಂಡನ ಹತ್ತಿರ ನಗೆಯಾಡಿದ್ದೂ ಉಂಟು. ಗಂಡ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆ ಹೊತ್ತು ಮೈ ಮರಗಟ್ಟಿಸಿಕೊಂಡು ಬರುವವನು. ಅವನಿಗೆ ನಗಲೂ ತ್ರಾಣವಿರಲಿಲ್ಲ.

ಎಡವಟ್ಟು ಶುರುವಾದದ್ದು ರಬ್ಬರ್ ಬ್ಯಾಂಡಿನಿಂದ. ಸೊಸೆಯ ಮಗಳಿಗೆ ಶಾಲೆಗೆ ಚಾರ್ಟು ಸುರುಳಿ ಸುತ್ತಿ ಒಯ್ಯಬೇಕಿತ್ತು. ಮನೆಯಲ್ಲೆಲ್ಲ ಹುಡುಕಿ, ತಾತನ ಇಂಕಿನ ಬಾಟಲಿಗಳ ಕತ್ತಿಗೆ ಹಾಕಿದ್ದ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿಕೊಂಡು, ಬಾಟಲಿಗಳನ್ನು ಹಲಗೆಯ ಮೇಲೆ ಹೇಗೆಂದರೆ ಹಾಗೆ ಇಟ್ಟು ಹೋದಳು. ಅವತ್ತು ಸಂಜೆ ಶಾಲೆ ಬಿಟ್ಟ ಮೇಲೆ, ಅತ್ತೆ ಮಾರ್ಕೆಟ್ಟಿಗೆ ಹೋಗಿದ್ದಾಗ ಮಾವ ಮೇಲಿನ ಮಹಡಿಯ ಟ್ಯೂಷನ್ ಟೀಚರ ಕಾರ್ಟ್ರಿಜ್ ತುಂಬಿಸಿಕೊಟ್ಟರು.

ಮರುದಿನ ಸಂಜೆ ಟೀಚರು ಕೈತುಂಬ ಹಾಳೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. ಮಕ್ಕಳಿಗೆ ಕೊಡಲು ಫೋಟೋ ಸಮೇತ ಪ್ರಿಂಟ್ ಮಾಡಿದ್ದ ಪ್ರಮಾಣಪತ್ರಗಳು ಅವು. ಒಂದೊಂದು ಮಗುವಿನ ಮುಖವೂ ಪಾಚಿ ಕಟ್ಟಿದ ಗೋಡೆಯಂತೆ ಹಸಿರಾಗಿತ್ತು. ಅವರು ಕೂಗಾಡುವ ಪೈಕಿ ಅಲ್ಲ. ಕೆಂಪು ಇರಬೇಕಾದ ಕಡೆ ನೀಲಿ ತುಂಬಿದ್ದೀರಿ, ಕಾರ್ಟ್ರಿಜ್ ಇನ್ನು ಕಸಕ್ಕೆ, ನಾಳೆ ಪೋಷಕರಿಗೆ ಏನು ಹೇಳಲಿ ಎಂದಷ್ಟೇ ಕೇಳಿದರು. ಹಾಳೆಗಳನ್ನು ಮೇಜಿನ ಮೇಲೆ ಇಟ್ಟು ಹೋದರು.

ಮಾವ ಹಾಳೆಗಳನ್ನು ನೋಡಲಿಲ್ಲ. ಎದ್ದು ಹಲಗೆಯ ಮೇಲಿನ ಬಾಟಲಿಗಳ ಕತ್ತನ್ನು ಒಂದೊಂದಾಗಿ ಸವರಿದರು.

"ನನ್ನ ಬಾಟಲಿ ಮುಟ್ಟಿದ್ದು ಯಾರು?"

"ನಾನೇ ತಾತ. ರಬ್ಬರ್ ಬ್ಯಾಂಡ್ ಬೇಕಿತ್ತು," ಎಂದಳು ಮಗಳು ಹೋಂವರ್ಕಿನಿಂದ ತಲೆಯೆತ್ತಿ.

ಧ್ವನಿ ಬಂದ ದಿಕ್ಕಿಗೆ ಎರಡು ಹೆಜ್ಜೆ ಇಟ್ಟವರೇ ಮಾವ ಮೊಮ್ಮಗಳಿಗೆ ಒಂದು ಬಾರಿಸಿದರು. ಏಟು ಕೆನ್ನೆಗೂ ಬೀಳಲಿಲ್ಲ, ಬೆನ್ನಿಗೂ ಬೀಳಲಿಲ್ಲ, ಕಿವಿಯ ಮೇಲೆ ಬಿತ್ತು. ಆ ಮನೆಯಲ್ಲಿ ಅವಳ ಮೈಮೇಲೆ ಯಾರೂ ಕೈ ಮಾಡಿದ್ದಿಲ್ಲ. ಹುಡುಗಿ ಅಳುವುದನ್ನೂ ಮರೆತು ಬಾಯಿ ಕಳೆದು ನಿಂತಳು.

ಸೊಸೆ ಮಗಳನ್ನು ಎಳೆದುಕೊಂಡಳು. ಅವಳ ಮೈ ಉರಿದುಹೋಗಿತ್ತು. ಮೂರು ರಬ್ಬರ್ ಬ್ಯಾಂಡಿಗೆ ಮಗು ಹೊಡೆತ ತಿನ್ನಬೇಕಾ, ಬಾಟಲಿ ಮೇಲೆ ಹೆಸರು ಬರೆದಿಲ್ಲವಾ, ಓದಿಕೊಂಡು ಹಾಕಿದ್ದರೆ ಇದೆಲ್ಲ ಆಗುತ್ತಿತ್ತಾ ಎಂದು ಬಾಯಿಗೆ ಬಂದಂತೆ ಆಡಿದಳು. ಮಾವ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದರು. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಬಾಟಲಿ ಸೋರದಿರಲಿ ಅಂತ ಬ್ಯಾಂಡ್ ಹಾಕಿದ್ದು ನಾನೇ, ತಪ್ಪು ನನ್ನದು, ಸಾಕು ಬಿಡು ಎಂದು ಅತ್ತೆ ಸೊಸೆಯ ಕೈ ಹಿಡಿದರು. ಕತ್ತಿಗೆ ಬ್ಯಾಂಡ್ ಹಾಕಿದರೆ ಬಾಟಲಿ ಸೋರುವುದು ಹೇಗೆ ನಿಲ್ಲುತ್ತದೆ ಎಂದು ಸೊಸೆಗೆ ಆ ಸಿಟ್ಟಿನಲ್ಲಿ ಹೊಳೆಯಲಿಲ್ಲ.

ಮಗಳು ಅವತ್ತಿನಿಂದ ತಾತನ ಹತ್ತಿರ ಸುಳಿಯಲಿಲ್ಲ. ಸೊಸೆಯ ಸಿಟ್ಟು ಇಳಿಯಲು ಒಂದು ವಾರ ಹಿಡಿಯಿತು. ಇಳಿದ ಮೇಲೆ, ಮುದುಕರ ಮೇಲೆ ನಾಲಗೆ ಹರಿಬಿಟ್ಟೆನಲ್ಲ ಎಂದು ಪಿಚ್ಚೆನಿಸಿತು. ಬಾಟಲಿಗಳ ಮೇಲಿನ ಅಕ್ಷರ ಸಣ್ಣದಿರಬೇಕು, ಇಂಕು ಬಾಟಲಿಯೊಳಗೆ ಹೇಗೂ ಎಲ್ಲ ಕಪ್ಪಾಗಿಯೇ ಕಾಣುತ್ತದೆ, ಪಾಪ ಎಂದುಕೊಂಡು ಲಾಂಡ್ರಿಯಿಂದ ಬಿಳಿ ಚೀಟಿಗಳನ್ನೂ ದಪ್ಪ ಪೆನ್ನನ್ನೂ ತಂದಳು. ರಜೆಯ ಬೆಳಿಗ್ಗೆ ಕೂತು ನೀಲಿ, ಕೆಂಪು, ಹಳದಿ ಎಂದು ಹೆಬ್ಬೆರಳು ಗಾತ್ರದ ಅಕ್ಷರಗಳಲ್ಲಿ ಬರೆದು ಅಂಟಿಸಿದಳು.

"ನೋಡಿ ಮಾವ, ಇನ್ನು ತೊಂದರೆ ಆಗಲ್ಲ," ಎಂದು ಒಂದು ಬಾಟಲಿಯನ್ನು ಅವರ ಕೈಗಿಟ್ಟಳು.

ಮಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಸರಿಮಾಡಿಕೊಂಡು ಸ್ವಲ್ಪ ಹೊತ್ತು ನೋಡಿದರು.

"ಮುದ್ದಾಗಿ ಬರೆದಿದ್ದೀಯಮ್ಮ."

ಬಾಟಲಿ ತಲೆಕೆಳಗಾಗಿತ್ತು.

ಅದಲುಬದಲಾದ ಇಂಕು, ಕಲೆ ಬಿಟ್ಟು ಬೇರೆಲ್ಲೋ ಒರೆಸಿದ ಬಟ್ಟೆ, ಕಿವಿಗೆ ಬಿದ್ದ ಏಟು ಎಲ್ಲವೂ ಸೊಸೆಗೆ ಒಮ್ಮೆಗೇ ಅರ್ಥವಾದವು. ಬಾಟಲಿ ಇಸಿದುಕೊಂಡು ಹಲಗೆಯ ಮೇಲಿಟ್ಟಳು. ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವಳು ಕೇಳುವ ಮೊದಲೇ ಅವರ ಕಣ್ಣಲ್ಲಿ ನೀರು ತುಂಬಿತ್ತು.

ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ ಎಲ್ಲವನ್ನೂ ಹೇಳಿದರು. ಮಾವನ ಬಲಗಣ್ಣು ಹೋಗಿ ವರ್ಷದ ಮೇಲಾಗಿತ್ತು. ಎಡಗಣ್ಣೂ ಮಂಜು ಕವಿದ ಹಾಗಾಗಿತ್ತು. ನೀಲಿಗೆ ಬ್ಯಾಂಡ್ ಇಲ್ಲ, ಕೆಂಪಿಗೆ ಒಂದು, ಹಳದಿಗೆ ಎರಡು ಎಂದು ಗುರುತು ಮಾಡಿಕೊಟ್ಟಿದ್ದು ಅತ್ತೆಯೇ.

"ಡಾಕ್ಟರ ಹತ್ರ ಯಾಕೆ ಕರ್ಕೊಂಡು ಹೋಗ್ಲಿಲ್ಲ ಅತ್ತೆ?"

"ಬರಲ್ಲ ಅಂದ್ರು. ಅವರಣ್ಣಂಗೂ ಹೀಗೇ ಆಗಿತ್ತು. ಕಣ್ಣು ಕಾಣಲ್ಲ ಅಂತ ಗೊತ್ತಾದ ದಿನವೇ ಮನೆಯವರು ಕೈಯಿಂದ ಕೆಲಸ ಕಿತ್ಕೊಂಡು ಹಿಂದಿನ ಕೋಣೇಲಿ ಕೂರಿಸಿದ್ರು. ಸಾಯೋ ತನಕ ಆ ಮಂಚ ಬಿಟ್ಟು ಏಳಲಿಲ್ಲ. ನನ್ನನ್ನೂ ಹಾಗೆ ಮಾಡಬೇಡ ಅಂತ ನನ್ನ ಕೈ ಹಿಡ್ಕೊಂಡ್ರು. ನಾನು ಏನು ಮಾಡಲಿ ಹೇಳು."

ಸಂಜೆ ಸೊಸೆ ಗಂಡನಿಗೆ ತಿಳಿಸಿದಳು. ಅವನು ಮರುದಿನವೇ ರಜೆ ಹಾಕಿ ಅಪ್ಪನನ್ನು ಬಲವಂತದಿಂದ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದ. ಸೊಸೆಯೂ ಜೊತೆಗೆ ಹೋದಳು. ಮೆಟ್ಟಿಲ ಬಳಿ ಕೈ ಹಿಡಿಯಲು ಹೋದ ಮಗನನ್ನು ಮಾವ ಕೊಡವಿಕೊಂಡರು. ನನಗೆ ಕಾಲಿದೆ ಎಂದರು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ ಏರಿ ನರ ಸತ್ತಿದೆ. ಹೋದದ್ದು ಯಾವ ಆಪರೇಷನ್ನಿಗೂ ಹಿಂತಿರುಗುವುದಿಲ್ಲ. ಎಡಗಣ್ಣಿನಲ್ಲಿ ಉಳಿದಿರುವ ಅಷ್ಟಿಷ್ಟನ್ನು ಔಷಧಿ ಹನಿ ಹಾಕಿ ಕಾಪಾಡಿಕೊಳ್ಳಬಹುದು, ಅದಕ್ಕೂ ಖಾತ್ರಿ ಇಲ್ಲ. ಒಂದೆರಡು ವರ್ಷ ಮೊದಲೇ ಬಂದಿದ್ದರೆ ಮಾತು ಬೇರೆ ಇತ್ತು. ಹೊರಡುವಾಗ ಅವರು ಮಗನ ಕಡೆ ತಿರುಗಿದರು. ಇದು ರಕ್ತದಲ್ಲಿ ಬರುವ ಕಾಯಿಲೆ, ದೊಡ್ಡಪ್ಪನಿಗೂ ಇತ್ತು ಅಂತೀರಿ, ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ಮಗ ತಲೆಯಾಡಿಸಿದ. ಅವತ್ತು ಅವನ ತಲೆಯಲ್ಲಿ ಬೇರೆಯದೇ ಕುದಿಯುತ್ತಿತ್ತು.

ಅದು ಹೊರಬಿದ್ದದ್ದು ಮನೆಯ ಹೊಸ್ತಿಲು ದಾಟಿದ ಮೇಲೆ. ಅತ್ತೆ ತಟ್ಟೆಗಳನ್ನು ಹಾಕಿ ಕಾಯುತ್ತಿದ್ದರು. ಏನಂದ್ರು ಎಂದು ಕೇಳಿದರು.

"ಒಂದೆರಡು ವರ್ಷ ಮೊದಲೇ ಬಂದಿದ್ರೆ ಉಳೀತಿತ್ತಂತೆ," ಎಂದ ಮಗ. "ಅಪ್ಪನ ಕಣ್ಣು ಕಳೆದಿದ್ದು ನೀನು ಅಮ್ಮ. ಬೇರೆ ಯಾರೂ ಅಲ್ಲ."

ಅತ್ತೆಯ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಜಾರಿತು. ಮಾವ ಏನಾದರೂ ಹೇಳುತ್ತಾರೇನೋ ಎಂದು ಸೊಸೆ ನೋಡಿದಳು. ಅವರು ಗೋಡೆ ಹಿಡಿದು ತಮ್ಮ ಕೋಣೆಗೆ ನಡೆದರು. ಅಪ್ಪ ಊಟಕ್ಕೆ ಬರಲಿಲ್ಲ, ಮಗನೂ ಕೂರಲಿಲ್ಲ.

ಮಗ ಅದೇ ವಾರ ಮೇಜಿನ ಮೇಲಿದ್ದುದನ್ನೆಲ್ಲ, ಬಾಟಲಿ, ಸಿರಿಂಜು, ತಟ್ಟೆ, ಟಿಶ್ಯೂ ಕಾಗದದ ಸುರುಳಿ, ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಏರಿಸಿದ. ಇನ್ನು ಅಪ್ಪ ಆರಾಮಾಗಿ ಕೂರಲಿ ಎಂದ. ಮಾವ ಕೂತರು. ಬೆಳಿಗ್ಗೆ ಹನಿ ಹಾಕಿಸಿಕೊಂಡು ಕೂತರೆ ಊಟಕ್ಕೆ ಏಳುವರು, ಮತ್ತೆ ಕೂರುವರು. ಯಾರಾದರೂ ಕಾರ್ಟ್ರಿಜ್ ಹಿಡಿದು ಬಂದರೆ, ನಿಲ್ಲಿಸಿಬಿಟ್ಟಿದ್ದಾರೆ ಎಂದು ಅತ್ತೆ ಬಾಗಿಲಿನಿಂದಲೇ ಕಳಿಸುವರು.

ಮಗ ಅಮ್ಮನ ಜೊತೆ ಮಾತು ಬಿಟ್ಟ. ಅವರು ಬಡಿಸಲು ಬಂದರೆ ತಟ್ಟೆ ಪಕ್ಕಕ್ಕೆ ಸರಿಸಿ ತಾನೇ ಹಾಕಿಕೊಳ್ಳುವನು. ಅತ್ತೆಯ ಅಡುಗೆಗೆ ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಪಟ್ಟು. ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡು ಎದ್ದುಹೋಗುವರು. ಸೊಸೆ ಸಂಜೆ ಬಂದರೆ ಸಿಂಕು ಲಕಲಕ ಹೊಳೆಯುತ್ತಿತ್ತು. ವರ್ಷಗಟ್ಟಲೆ ಅದಕ್ಕಾಗಿ ಜಗಳವಾಡಿದವಳಿಗೆ ಈಗ ಅದರ ಮುಂದೆ ನಿಲ್ಲಲೂ ಬೇಸರ.

ಒಂದು ದಿನ ಬಟ್ಟೆ ಮಡಚುತ್ತಿದ್ದಾಗ ಮಗಳು ಪಕ್ಕಕ್ಕೆ ಬಂದು ಕೂತಳು.

"ಅಮ್ಮ, ನಾನು ರಬ್ಬರ್ ಬ್ಯಾಂಡ್ ತಗೊಂಡಿದ್ದಕ್ಕೆ ತಾತನ ಕಣ್ಣು ಹೋಯ್ತಾ?"

ಇಲ್ಲ ಎಂದಳು ಸೊಸೆ. ನೀನು ತಗೊಂಡಿದ್ದಕ್ಕೇ ನಮಗೆ ಗೊತ್ತಾಗಿದ್ದು ಎಂದಳು. ಹುಡುಗಿ ಯೋಚಿಸಿ, ಹಾಗಾದರೆ ಮೊದಲೇ ತಗೊಳ್ಳಬೇಕಿತ್ತು ಎಂದಳು. ಸೊಸೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಮರುದಿನ ಲಾಂಡ್ರಿಯ ಮಾಲೀಕ ಬಿಲ್ಲು ಪ್ರಿಂಟ್ ಆಗುತ್ತಿಲ್ಲವೆಂದು ಕಾರ್ಟ್ರಿಜ್ ತೆಗೆದು ಕಸದ ಬುಟ್ಟಿಗೆ ಎಸೆಯಲು ಹೋದಾಗ ಸೊಸೆ ತಡೆದಳು. ಮನೆಗೆ ಒಯ್ದು ನೋಡುತ್ತೇನೆ, ಆಗದಿದ್ದರೆ ಆಗಲಿಲ್ಲ ಎಂದಳು. ಮನೆಗೆ ಬಂದು ಏಣಿ ಹಾಕಿ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಮಾವನ ಕುರ್ಚಿಯನ್ನು ಸಿಂಕಿನ ಪಕ್ಕಕ್ಕೆ ಎಳೆದಿಟ್ಟು ಅವರನ್ನು ಕರೆದಳು.

"ನನಗೆ ಹೇಳಿಕೊಡಿ. ಕೈ ನಂದು, ಮಾತು ನಿಮ್ಮದು."

"ನಿನಗ್ಯಾಕಮ್ಮ ಈ ಗಲೀಜು. ನಿನಗೆ ಮೊದಲೇ ಆಗಿಬರಲ್ಲ."

"ಆಗಿಬರಲ್ಲ. ಆದರೂ ಹೇಳಿಕೊಡಿ."

ಮಾವ ಮನಸ್ಸಿಲ್ಲದ ಮನಸ್ಸಿನಿಂದ ಕೂತರು. ಹೇಳಿಕೊಡುವುದರಲ್ಲಿ ಅವರಿಗೆ ತಾಳ್ಮೆ ಇರಲಿಲ್ಲ. ನೀರು ಅಷ್ಟು ಬಿಸಿ ಬೇಡ, ಬೆರಳು ತಡೆಯೋಷ್ಟಿರಲಿ ಎಂದು ಗದರಿದರು. ಮೂತಿಯನ್ನು ಉಜ್ಜಬೇಡ, ಒತ್ತು ಎಂದರು. ಅವಳ ಕೈಯಿಂದ ಕಾರ್ಟ್ರಿಜ್ ಕಿತ್ತುಕೊಂಡು ಉಗುರಿನಿಂದ ತೂತುಗಳನ್ನು ತೋರಿಸಿಕೊಟ್ಟು ಹಿಂದಕ್ಕೆ ಕೊಟ್ಟರು. ನೆನೆಹಾಕಿ, ತುಂಬಿಸಿ, ಮತ್ತೆ ನೆನೆಹಾಕಿದರು. ಕೊನೆಗೆ ಒದ್ದೆ ಟಿಶ್ಯೂ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಮೂತಿ ಒತ್ತಿ ಎತ್ತಲು ಹೇಳಿದರು. ರಂಧ್ರಗಳು ಬಾಯಿ ಬಿಟ್ಟಿದ್ದರೆ ಅಕ್ಕಪಕ್ಕದಲ್ಲಿ ಮೂರು ಬಣ್ಣದ ಗೆರೆ ಬರಬೇಕು.

"ಬಂತಾ?" ಎಂದರು ಮಾವ. ಅವರ ಕತ್ತು ಮುಂದಕ್ಕೆ ಚಾಚಿತ್ತು.

ನೀಲಿ ಬಂದಿತ್ತು. ಕೆಂಪು ಬಂದಿತ್ತು. ಮೂರನೆಯ ಕಡೆ ಬರೀ ನೀರು. ಬಂತು ಮಾವ ಎನ್ನುವ ಮಾತು ಸೊಸೆಯ ನಾಲಗೆಯ ತುದಿಯಲ್ಲಿತ್ತು. ಅಂದಿದ್ದರೆ ಅವರ ಮುಖ ಎಷ್ಟೋ ವಾರಗಳ ಮೇಲೆ ಅರಳುತ್ತಿತ್ತು.

"ಎರಡೇ ಬಂದಿದೆ ಮಾವ. ಹಳದಿ ಬಂದಿಲ್ಲ."

"ಮತ್ತೆ ಒತ್ತು."

ಮತ್ತೆ ಒತ್ತಿದಳು. ಮತ್ತೆ ನೀರು ಬದಲಿಸಿ ನೆನೆಹಾಕಿದಳು. ಹಳದಿ ಬರಲಿಲ್ಲ. ಮಾವ ಕಾರ್ಟ್ರಿಜ್ ಕೈಗೆ ತೆಗೆದುಕೊಂಡು ತೂಗಿ ನೋಡಿ, ತಳ ಸವರಿ, ಸಿಂಕಿನ ಕಟ್ಟೆಯ ಮೇಲಿಟ್ಟರು.

"ಸತ್ತಿದೆ ಇದು. ಮಾಲೀಕರಿಗೆ ಹಾಗೇ ಹೇಳಿಬಿಡು. ಸುಮ್ಮನೆ ನಂಬಿಸಬೇಡ." ಬೆರಳು ಒರೆಸಿಕೊಳ್ಳುತ್ತ ಹೇಳಿದರು: "ಟೀಚರ ಕಾರ್ಟ್ರಿಜ್ ತುಂಬೋ ದಿನ ನನ್ನ ಕೈಗೆ ಬ್ಯಾಂಡೇ ಸಿಗಲಿಲ್ಲ. ಮಗು ಅಲ್ಲೇ ಹೊಸ್ತಿಲ ಮೇಲೆ ಆಡ್ತಿತ್ತು. ಇದು ಯಾವ ಬಣ್ಣ ಪುಟ್ಟಿ ಅಂತ ಒಂದು ಮಾತು ಕೇಳಿದ್ರೆ ಆಗ್ತಿತ್ತು. ಕೇಳಲಿಲ್ಲ. ಕೇಳದೆ ಇದ್ದವನು ನಾನು, ಹೊಡೆತ ಅದಕ್ಕೆ."

ಅತ್ತೆ ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಬಳೆಯ ಸದ್ದಿಗೆ ಮಾವ ಆ ಕಡೆ ಮುಖ ತಿರುಗಿಸಿದರು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಕ್ಕಿ ತೊಳೆಯಲು ಬಂದರು.

ಮಗ ಬರುವ ಹೊತ್ತಿಗೆ ಅನ್ನ ಬೆಂದಿತ್ತು. ಕಟ್ಟೆಯ ಮೇಲಿನ ಇಂಕು ನೋಡಿ ಅವನು ಮುಖ ಗಂಟಿಕ್ಕಿದ. ಕೈಕಾಲು ತೊಳೆದು ಬಂದು ಕೂತ. ಎಲ್ಲರೂ ಕೂತರು. ಅತ್ತೆ ಅನ್ನದ ಪಾತ್ರೆ ಹಿಡಿದು ಬಂದಾಗ ಅವನು ಎಂದಿನಂತೆ ತಟ್ಟೆ ಸರಿಸಿದ.

"ತಟ್ಟೆ ಸರಿಸಿದ ಸದ್ದು ನನಗೆ ಕೇಳಿಸುತ್ತೆ ಕಣೋ," ಎಂದರು ಮಾವ. "ನಿಮ್ಮಮ್ಮ ಡಾಕ್ಟರ ಹತ್ರ ಹೋಗೋಣ ಅಂತ ಎಷ್ಟು ಸಲ ಕಾಲು ಹಿಡಿದಳೋ ಲೆಕ್ಕ ಇಲ್ಲ. ಯಾರಿಗಾದ್ರೂ ಹೇಳಿದ್ರೆ ಊಟ ಬಿಡ್ತೀನಿ ಅಂತ ಹೆದರಿಸಿದ್ದು ನಾನು. ಆಸ್ಪತ್ರೆಯಿಂದ ಬಂದ ದಿನ ನೀನು ಅವಳನ್ನ ಅಂದಾಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ."

ಮಗ ತಲೆ ತಗ್ಗಿಸಿದ. ಅತ್ತೆ ಅನ್ನದ ಪಾತ್ರೆ ಹಿಡಿದು ನಿಂತೇ ಇದ್ದರು. ಸೊಸೆಗೆ ಇದೇ ಸಮಯ ಎನ್ನಿಸಿತು.

"ನೀವು ಕಣ್ಣು ತೋರಿಸಿಕೊಂಡ್ರಾ?" ಎಂದು ಗಂಡನನ್ನು ಕೇಳಿದಳು. "ಡಾಕ್ಟರು ಹೇಳಿ ಎಷ್ಟು ವಾರ ಆಯ್ತು."

"ಹೋಗ್ತೀನಿ. ಈಗ ಕೆಲಸ ಜಾಸ್ತಿ ಇದೆ."

"ನಾನೂ ಹೀಗೇ ಅಂತಿದ್ದೆ," ಎಂದರು ಮಾವ.

ಮೊದಲಿನಂತೆ ಬೆಳಕು ಸಾಲುತ್ತಿಲ್ಲವೆಂದು ಗಂಡ ಬೆಳಿಗ್ಗೆ ಗಡ್ಡ ಕೆರೆಯಲು ಕನ್ನಡಿಯನ್ನು ಕಿಟಕಿಗೆ ಒಯ್ಯುವುದನ್ನು ಸೊಸೆ ಎರಡು ಸಲ ನೋಡಿದ್ದಳು. ಕೇಳಿದರೆ ಬಲ್ಬು ಹಳೆಯದು ಎಂದಿದ್ದ. ಬಲ್ಬು ಹೊಸದು.

"ನಾಳೆ ರಜೆ ಹಾಕು," ಎಂದರು ಮಾವ. "ನಾನೂ ಬರ್ತೀನಿ. ಮೆಟ್ಟಿಲು ನನಗೆ ಕಾಣಲ್ಲ, ಕೈ ಹಿಡ್ಕೊಂಡು ಕರ್ಕೊಂಡು ಹೋಗಬೇಕು. ಹಿಡಿತೀಯಾ?"

ಅತ್ತೆ ಬಗ್ಗಿ ಮಗನ ತಟ್ಟೆಗೆ ಅನ್ನ ಹಾಕಿದರು. ಅವನು ತಟ್ಟೆ ಸರಿಸಲಿಲ್ಲ. ಅಪ್ಪನ ಕಡೆ ನೋಡಿ ತಲೆಯಾಡಿಸಿದ. ಆಮೇಲೆ, ಅದು ಅವರಿಗೆ ಕಾಣುವುದಿಲ್ಲವೆಂದು ನೆನಪಾಗಿ, "ಹೂಂ ಅಪ್ಪ," ಎಂದು ಬಾಯಿಬಿಟ್ಟು ಹೇಳಿದ.